ಪರದೆಗೆ ಬೆನ್ನು ಹಾಕುವ ಅಬೂ ನಿದಾಲ್

ಇರ್ಬಿದ್ ಊರಿನ ಮದುವೆಗಳಲ್ಲಿ ಹೆಂಗಸರ ಕಡೆಯ ವಿಡಿಯೊ ಟೇಪನ್ನು ಗಂಡಸರು ನೋಡುವಂತಿಲ್ಲ, ಆದರೆ ಅದನ್ನು ಓಡಿಸುವ ಟೀವಿ ಕೇಂದ್ರದವರು ಬಳಸುವಂಥ ದೊಡ್ಡ ಡೆಕ್ ಯಂತ್ರವನ್ನು ರಿಪೇರಿ ಮಾಡುವವರು ಅಬೂ ನಿದಾಲ್ ಒಬ್ಬರೇ. ಅದಕ್ಕೇ ಅವರು ಟೀವಿ ಪರದೆಯನ್ನು ಹೆಂಗಸರಾದ ನಮ್ಮ ಕಡೆ ತಿರುಗಿಸಿ, ತಾವು ಬೆನ್ನು ಹಾಕಿ ಕೂತು, ಕಿವಿಯಿಂದಲೇ ಕೆಲಸ ಮಾಡುತ್ತಾರೆ. "ಮುಖ ಕಾಣ್ತಾ? ಚಿತ್ರ ನಡುಗ್ತಿದೆಯಾ?" ಎಂದು ಕೇಳುತ್ತಾರೆ, ನಾವು ಬಾಯಿ ತೆರೆಯುವುದರೊಳಗೆ ಯಾವುದೋ ತಿರುಪು ಬಿಗಿದಿರುತ್ತಾರೆ. ನಾನೂ ಅಮ್ಮನೂ ಅವಳ ಮದುವೆಯ ಟೇಪನ್ನು ಅವರ ಅಂಗಡಿಗೆ ಒಯ್ದ ದಿನ ಡೆಕ್ ಹೊಸ ಬಗೆಯ ಟೇಪುಗಳನ್ನೆಲ್ಲ ನುಂಗಿ, ಅಮ್ಮನದರಂಥ ಹಳೆಯ ಬಗೆಯವನ್ನು ಮಾತ್ರ ಉಗುಳುತ್ತಿತ್ತು. "ಥೇಟ್ ನಮ್ಮತ್ತೆ, ರುಚಿ ನೋಡದೇನೇ ಬೇಡ ಅಂತಾಳೆ," ಎಂದು ಅದನ್ನು ಬೈದರು. "ಟೇಪೇ ಹಾಳಾಗಿದ್ಯೇನೋ ಅಣ್ಣಾ," ಎಂದು ಅಮ್ಮ ಅಳುಮುಖ ಮಾಡಿದಳು. "ಟೇಪಿಗೇನೂ ಆಗಿಲ್ಲ ತಂಗೀ, ಸುಮ್ನೆ ಚಹಾ ಕುಡಿ." ಡೆಕ್ಕಿನೊಳಗೆ, ಕ್ಯಾಸೆಟ್ಟಿನ ತಳದ ತೂತುಗಳನ್ನು ತಡವಿ ಅದರ ಬಗೆ ಗುರುತಿಸುವ ಪುಟ್ಟ ಗುಂಡಿಗಳಲ್ಲಿ ಒಂದು ಧೂಳಿಗೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನ ಹತ್ತಿ ಸೋಕಿಸಿದರು, ಗುಂಡಿ ಟಪ್ಪೆಂದು ಎದ್ದಿತು, ಡೆಕ್ ಟೇಪನ್ನು ಒಳಗೆಳೆದುಕೊಂಡಿತು, ಪರದೆಯ ತುಂಬ ನನ್ನ ಅಮ್ಮ ಮದುಮಗಳಾಗಿ ಕುಣಿಯುತ್ತಿದ್ದಳು. "ಇಲ್ಲಿ ನೋಡೇ ಹುಡುಗಿ, ನನ್ನ ಕಡೆ," ಎಂದಿತು ಕ್ಯಾಮೆರಾದ ಹಿಂದಿನ ದನಿ. ಅದು ಅಬೂ ನಿದಾಲ್ ಅವರ ಹೆಂಡತಿಯದು. ಊರಿನ ಮದುವೆಗಳನ್ನೆಲ್ಲ ಚಿತ್ರ ಹಿಡಿದು, ತಾನು ಯಾವ ಟೇಪಿನಲ್ಲೂ ಕಾಣಿಸದೆ ತೀರಿಕೊಂಡವಳು. "ಚೆನ್ನಾಗಿ ಬರ್ತಿದೆ ಮಾಮಾ, ಸಾಕು," ಎಂದೆ. ಅಬೂ ನಿದಾಲ್ ತಿರುಗಲಿಲ್ಲ. ಕೈ ಚಾಚಿ ದನಿಯನ್ನಷ್ಟೇ ಹೆಚ್ಚಿಸಿದರು. "ಮೊದಲಿಂದ ಇನ್ನೊಂದ್ಸಲ ಹಾಕು ಮಗಳೇ," ಎಂದರು, "ಅನುಮಾನ ಉಳೀಬಾರ್ದು."