ಅಳುವ ಕೂಸು, ಮುಟ್ಟದ ಕೈ

ಕೋಲಾರದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಎಂಥದೆಂದು ಹೇಳಿದರೆ ಮನೆಯವರೇ ನಂಬುತ್ತಿರಲಿಲ್ಲ. ಅಳುವ ಕೂಸನ್ನು ತಾಯಿಯ ಕೈಯಿಂದ ಇಸಕೊಂಡು ಒಳಕೋಣೆಗೆ ಹೋಗುವುದು, ಸ್ವಲ್ಪ ಹೊತ್ತಾದ ಮೇಲೆ ತಂದು ವಾಪಸ್ ಕೊಡುವುದು. ಒಳಗೆ ಏನಾಯಿತೆಂದು ಬಾಯಿ ಬಿಡುವಂತಿಲ್ಲ.

ಆಗಷ್ಟೇ ಫಿಸಿಯೋಥೆರಪಿ ಓದಿ ಮುಗಿಸಿದ್ದೆ. ನಾನು ಸೇರಿದ ಸಣ್ಣ ಆಸ್ಪತ್ರೆಯಲ್ಲಿ ಕೈರೋಪ್ರಾಕ್ಟಿಕ್ ಕಲಿತವರೊಬ್ಬರಿದ್ದರು. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ ಸರಿಪಡಿಸುವ ಚಿಕಿತ್ಸೆ ಅವರದು. ಸೊಂಟನೋವಿನವರಿಗೆ ಅವರ ಮೇಲೆ ಬಹಳ ನಂಬಿಕೆ. ಬರಬರುತ್ತಾ ಎಳೆಗೂಸುಗಳನ್ನೂ ಎತ್ತಿಕೊಂಡು ಬರತೊಡಗಿದರು. ಚೆನ್ನಾಗಿ ಹಾಲು ಕುಡಿಯುವ, ಜ್ವರ ನೆಗಡಿ ಏನೂ ಇಲ್ಲದ ಕೂಸುಗಳು. ಆದರೆ ಸಂಜೆಯಾಯಿತೆಂದರೆ ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಗಂಟೆಗಟ್ಟಲೆ ಅಳುತ್ತಿದ್ದವು. ಡಾಕ್ಟರುಗಳು ಅದನ್ನು ಕಾಲಿಕ್ ಎನ್ನುತ್ತಾರೆ. ಮನೆಗಳಲ್ಲಿ ಕೆಲವರು ಹೊಟ್ಟೆನುಲಿತ ಎನ್ನುತ್ತಾರೆ, ಕೆಲವರು ದೃಷ್ಟಿ ಎನ್ನುತ್ತಾರೆ.

ಕೈರೋಪ್ರಾಕ್ಟಿಕ್‌ನವರು ಆ ಪುಟ್ಟ ಬೆನ್ನುಗಳನ್ನು ಬೆರಳ ತುದಿಯಿಂದ, ಟೊಮೆಟೊ ಹಣ್ಣಾಗಿದೆಯೇ ಎಂದು ನೋಡುವಷ್ಟು ಮೆತ್ತಗೆ ಒತ್ತುತ್ತಿದ್ದರು. ವಾಸಿಯಾಯಿತೆಂದು ತಾಯಂದಿರು ಹೇಳಿಕೊಂಡು ಬರುತ್ತಿದ್ದರು. ಒಂದು ಮಧ್ಯಾಹ್ನ ಊಟ ಮಾಡುವಾಗ ಮಕ್ಕಳ ಡಾಕ್ಟರಮ್ಮ ನೇರವಾಗಿ ಕೇಳಿದರು: "ಸಾರ್, ಈ ಅಳು ಕೆಲವು ತಿಂಗಳಾದ್ರೆ ತಾನಾಗೇ ಹೋಗುತ್ತೆ. ನಿಮ್ಮ ಕೈಯಿಂದ ಹೋಯ್ತೋ, ದಿನ ಕಳೆದಿದ್ದಕ್ಕೆ ಹೋಯ್ತೋ, ಹೆಂಗೆ ಹೇಳ್ತೀರಾ?"

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ಅನ್ನ ಕಲೆಸುವುದನ್ನು ನಿಲ್ಲಿಸಿ, "ನನಗೂ ಗೊತ್ತಿಲ್ಲ ಮೇಡಂ. ಪರೀಕ್ಷೆ ಮಾಡಿ ನೋಡೇಬಿಡೋಣ" ಎಂದರು.

ಹಾಗೆ ಶುರುವಾಯಿತು. ಬೇರೆ ಕಾಯಿಲೆ ಏನೂ ಇಲ್ಲವೆಂದು ಡಾಕ್ಟರಮ್ಮ ಮೊದಲು ನೋಡುತ್ತಿದ್ದರು. ಆಮೇಲೆ ಚೀಟಿ ಎತ್ತುವುದು. ಕೆಲವು ಕೂಸುಗಳಿಗೆ ಚಿಕಿತ್ಸೆ. ಉಳಿದವನ್ನು ಅದೇ ಕೋಣೆಯಲ್ಲಿ ಅದೇ ಹಾಸಿಗೆಯ ಮೇಲೆ ಅಷ್ಟೇ ಹೊತ್ತು ಮಲಗಿಸಿಕೊಂಡು ನಾನು ಪಕ್ಕದಲ್ಲಿ ಕೂರಬೇಕು, ಅಷ್ಟೇ. ನಿಮ್ಮ ಮಗುವಿಗೆ ಏನೂ ಮಾಡದೆಯೂ ಇರಬಹುದು, ಕೊನೆಯವರೆಗೂ ಅದನ್ನು ಹೇಳುವುದಿಲ್ಲ ಎಂದು ತಾಯಂದಿರಿಗೆ ಮೊದಲೇ ತಿಳಿಸುತ್ತಿದ್ದೆವು. ಮಗು ಎಷ್ಟು ಅತ್ತಿತೆಂದು ದಿನವೂ ಫೋನಿನಲ್ಲಿ ವಿಚಾರಿಸುವವರಿಗೂ ಅದು ಗೊತ್ತಿರಲಿಲ್ಲ. ಅಷ್ಟೆಲ್ಲ ಕೇಳಿಯೂ ಜನ ಒಪ್ಪಿದರು. ಮಾಲೂರಿನಿಂದ, ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಬಂದರು. ನನಗದು ಇಂದಿಗೂ ದೊಡ್ಡ ಸೋಜಿಗ.

ಮುಳಬಾಗಿಲು ಕಡೆಯ ತಾಯಲೂರಿನಿಂದ ಒಬ್ಬಳು ಅತ್ತೆಯ ಜೊತೆ ಬರುತ್ತಿದ್ದಳು. ಚೊಚ್ಚಲ ಹೆಣ್ಣುಮಗು. ಬಾಣಂತಿಯ ಕಣ್ಣು ನಿದ್ದೆಯಿಲ್ಲದೆ ಒಳಗೆ ಹೋಗಿತ್ತು. ಅತ್ತೆ ತೆಲುಗು ಬೆರೆಸಿ ಮಾತಾಡುವ ಗಟ್ಟಿ ಹೆಂಗಸು. ಮೊದಲ ದಿನವೇ ಬಾಗಿಲಿಗೆ ಅಡ್ಡ ನಿಂತು ಕೇಳಿದರು: "ಏಮಮ್ಮಾ, ಒಳಗೆ ಪಾಪನ್ನ ಏನ್ ಮಾಡ್ತೀರಾ? ನನಗೆ ಮಾತ್ರ ಹೇಳ್ಬಿಡು, ಇವಳಿಗೆ ಹೇಳಲ್ಲ."

"ಹೇಳೋ ಹಂಗಿಲ್ಲ ಅಜ್ಜಿ."

"ಬಾಗ ಉಂದಿ, ಚೆನ್ನಾಗೈತೆ! ನಮ್ಮ ಪಾಪ, ನಮಗೇ ಹೇಳಲ್ಲಂತೆ," ಎಂದು ಗೊಣಗುತ್ತಲೇ ದಾರಿ ಬಿಟ್ಟರು.

ಆ ಮಗುವಿಗೆ ಬಂದದ್ದು ಚಿಕಿತ್ಸೆಯಿಲ್ಲದ ಚೀಟಿ.

ತಾಯಲೂರಿನವರು ಇನ್ನೊಮ್ಮೆ ಬಂದ ದಿನವನ್ನು ನಾನು ಮರೆಯಲಾರೆ. ಕೂಸು ಒಳಗೆ ಬರುತ್ತಲೇ ಚೀರತೊಡಗಿತು. ಅಂಗೈಯಷ್ಟು ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು. ಅಷ್ಟು ಚಿಕ್ಕ ದೇಹದಿಂದ ಅಂಥ ದನಿ ಹೇಗೆ ಹೊರಡುತ್ತದೋ! ಕೋಣೆಯ ಗಾಜು ನಡುಗುತ್ತಿದೆ ಎನಿಸುತ್ತಿತ್ತು. ಹೊರಗಿನವರಿಗೆ ವ್ಯತ್ಯಾಸ ತಿಳಿಯದಿರಲೆಂದು ಕೈರೋಪ್ರಾಕ್ಟಿಕ್‌ನವರೂ ಎಂದಿನಂತೆ ಒಳಗೇ, ಹಾಸಿಗೆಯ ಇನ್ನೊಂದು ಬದಿಗೆ ನಿಂತಿದ್ದರು. ತಮ್ಮ ಕೈ ಅಳುವನ್ನು ನಿಲ್ಲಿಸುತ್ತದೆ ಎಂದು ಮನಸಾರೆ ನಂಬಿದ್ದವರು. ಕೈ ತಾನಾಗಿ ಮುಂದೆ ಬಂತು. ಬೆರಳುಗಳು ಮಗುವಿನ ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು ನಿಂತವು.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕಿಟಕಿಯ ಕಡೆ ತಿರುಗಿದರು. ಅವರ ಬೆರಳುಗಳು ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಯಾರೂ ಕಾವಲಿರಲಿಲ್ಲ. ಮುಟ್ಟಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲವೇನೋ. ಆದರೂ ಮುಟ್ಟಲಿಲ್ಲ. ಸಮಯವಾದ ಮೇಲೆ ಮಗುವನ್ನೆತ್ತಿಕೊಂಡು ಹೊರಟಾಗ, "ತಾಯಿ ಹತ್ರ ಬೇಗ ಕೊಡಮ್ಮ" ಎಂದರು.

ಪರೀಕ್ಷೆ ಮುಗಿದು ಡಾಕ್ಟರಮ್ಮ ಎಲ್ಲವನ್ನೂ ಹೋಲಿಸಿ ನೋಡಿದರು. ಎರಡೂ ಗುಂಪಿನ ಕೂಸುಗಳ ಅಳು ಇಳಿದಿತ್ತು. ಚಿಕಿತ್ಸೆ ಪಡೆದವುಗಳಲ್ಲಿ ತುಸು ಹೆಚ್ಚು ಇಳಿದಂತೆ ಕಂಡರೂ, ಅದು ಚಿಕಿತ್ಸೆಯಿಂದಲೇ ಎನ್ನುವಂತಿರಲಿಲ್ಲ. "ನಮ್ಮದು ಸಣ್ಣ ಪರೀಕ್ಷೆ, ಇದೇ ಕೊನೆ ಮಾತಲ್ಲ" ಎಂದು ಅವರು ಮೆಲ್ಲಗೆ ಸೇರಿಸಿದರು. ಕೈರೋಪ್ರಾಕ್ಟಿಕ್‌ನವರು, "ಇನ್ಮೇಲೆ ಇಂಥ ಕೂಸುಗಳು ಬಂದ್ರೆ ನಿಮ್ಮ ಹತ್ರಾನೇ ಕಳಿಸ್ತೀನಿ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೆಂಗೆ ಹೇಳ್ಲಿ?" ಎಂದರು. ಅಷ್ಟು ದಿನದ ನಂಬಿಕೆಯನ್ನು ಒಬ್ಬ ಮನುಷ್ಯ ಹಾಗೆ ಕೆಳಗಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತಾಯಲೂರಿನವರಿಗೆ ವಿಷಯ ತಿಳಿಸುವುದು ನನ್ನ ಪಾಲಿಗೆ ಬಂತು. ಮಗು ಆಗಲೇ ಮೈಕೈ ತುಂಬಿಕೊಂಡು, ಅಜ್ಜಿಯ ಕಿವಿಯ ಓಲೆ ಹಿಡಿದು ಕೇಕೆ ಹಾಕುತ್ತಿತ್ತು. ಅಳು ನಿಂತು ಸುಮಾರು ದಿನವಾಗಿತ್ತು.

"ನಿಮ್ಮ ಪಾಪಂಗೆ ಒಳಗೆ ಏನೂ ಮಾಡಿರ್ಲಿಲ್ಲ. ಸುಮ್ನೆ ಮಲಗಿಸ್ಕೊಂಡಿದ್ವಿ" ಎಂದೆ. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ.

ತಾಯಿ, "ಮೊದಲೇ ಹೇಳಿದ್ರಲ್ಲಾ ಅಕ್ಕ" ಎಂದಳು. "ಪಾಪ ಅಳ್ತಿದ್ದಾಗ, ಈ ಚಿಕಿತ್ಸೆಯಿಂದ ವಾಸಿ ಆಗುತ್ತೋ ಇಲ್ವೋ ಅಂತ ಸರಿಯಾಗಿ ಹೇಳೋರು ಇದ್ದಿದ್ರೆ ಅಂತ ನನಗೇ ಅನ್ನಿಸ್ತಿತ್ತು. ಮುಂದೆ ಬರೋರಿಗಾದ್ರೂ ಹೇಳ್ತೀರಲ್ಲ."

"ಪರೀಕ್ಷೆಗೆ ಬಂದೋರಿಗೆ ಮಾತು ಕೊಟ್ಟಿದ್ರು, ಬೇಕಿದ್ರೆ ಈಗ ಆ ಚಿಕಿತ್ಸೆ ಕೊಡ್ತಾರಂತೆ."

ಅತ್ತೆ ಜೋರಾಗಿ ನಕ್ಕರು. "ನಗ್ತಿರೋ ಪಾಪಂಗೆ ಯಾಕಮ್ಮಾ?" ಆಮೇಲೆ ನಗು ನಿಂತಿತು. ಮಗುವನ್ನು ಎರಡೂ ಕೈಯಲ್ಲಿ ಮುಖದ ಮಟ್ಟಕ್ಕೆ ಎತ್ತಿ, ಮೊದಲ ಸಲ ನೋಡುವವರಂತೆ ನೋಡಿದರು. "ಅಂದ್ರೆ... ಯಾರೂ ಏನೂ ಮಾಡ್ಲಿಲ್ವಾ? ಇದೇ ತಾನಾಗೇ ವಾಸಿ ಮಾಡ್ಕೊಂಡ್ತಾ?"

ಹೌದೆಂದು ತಲೆಯಾಡಿಸಿದೆ.

ಗೇಟಿನವರೆಗೆ ಅವರ ಜೊತೆ ಹೋದೆ. ಬಸ್ ಸ್ಟಾಂಡಿಗೆಂದು ಆಟೋ ನಿಲ್ಲಿಸಿದರು. ಹತ್ತಿ ಕೂರುವ ಮೊದಲೇ ಅಜ್ಜಿ ಮಗುವನ್ನು ಆಟೋದವನ ಮುಂದೆ ಹಿಡಿದು, "ನೋಡಪ್ಪಾ, ಇಷ್ಟೇ ಇಷ್ಟು ಐತೆ, ತಾನೇ ವಾಸಿ ಮಾಡ್ಕೊಂಡೈತೆ!" ಎಂದರು. ಅವನಿಗೆ ಏನೂ ತಿಳಿಯಲಿಲ್ಲ. ಆದರೂ ಇಂಜಿನ್ ಆಫ್ ಮಾಡಿ, ಹಿಂದಕ್ಕೆ ತಿರುಗಿ, ಮಗುವನ್ನು ಒಂದು ಸಲ ಚೆನ್ನಾಗಿ ನೋಡಿದ.