ಮೇಲಿನ ಮಹಡಿಗೆ ಹೋಗುತ್ತಿದ್ದವಳು

ಮಹದೇವಪುರದ ಮುನಿಕೃಷ್ಣನಿಗೆ ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಬರುತ್ತಿದ್ದದ್ದು ಅನುಮಾನ. ಅದಕ್ಕೆ ಕಾರಣವೂ ಇತ್ತು. ಅವನ ಅಪ್ಪ ಕೃಷ್ಣಪ್ಪನ ರಾಗಿ ಹೊಲವನ್ನು ಒಬ್ಬ ಬ್ರೋಕರು "ಅಣ್ಣಾ, ಅಣ್ಣಾ" ಎನ್ನುತ್ತಲೇ ಬರೆಸಿಕೊಂಡುಬಿಟ್ಟಿದ್ದ. ಆ ಹೊಲದಲ್ಲಿ ಈಗ ಗಾಜಿನ ಟೆಕ್ ಪಾರ್ಕ್ ನಿಂತಿದೆ. ಊರೊಳಗೆ ಉಳಿದಿದ್ದ ಜಾಗದಲ್ಲಿ ಮುನಿಕೃಷ್ಣ ಕಟ್ಟಡ ಎಬ್ಬಿಸಿದ. ಕೆಳಗೆ ತಾನೂ ಹೆಂಡತಿ ಅಂಜಿನಮ್ಮನೂ. ಮೇಲಿನ ಎರಡು ಮಹಡಿ ಬಾಡಿಗೆಗೆ. ತಿಂಡಿ ಮುಗಿಸಿ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತನೆಂದರೆ, ಹೊರಮೆಟ್ಟಿಲು ಹತ್ತುವ ಬೆಕ್ಕೂ ಅವನ ಕಣ್ಣು ತಪ್ಪಿಸುವಂತಿರಲಿಲ್ಲ.

ಮೊದಲ ಮಹಡಿಗೆ ಭಾನುಪ್ರಕಾಶ್ ಬಂದದ್ದು ೨೦೧೦ರಲ್ಲಿ. ಅವನ 'ಬುರುಜು ಗೇಮ್ಸ್' ಕಂಪ್ಯೂಟರಿನ ಆಟಗಳನ್ನು ಮಾಡುತ್ತಿತ್ತು. ಬರೀ ಗುಂಡು ಹೊಡೆಯುವ ಆಟವಲ್ಲ. ಆಡುವವನೇ ಕಥೆಯೊಳಗೆ ಸೈನಿಕನೋ ವೈದ್ಯನೋ ಆಗಿ, ಊರೂರು ಅಲೆದು, ಎದುರಾದವರನ್ನು ಮಾತಾಡಿಸಿ, ಕಷ್ಟ ದಾಟುತ್ತ ಬೆಳೆಯುವ ಆಟ.

"ರೋಲ್ ಪ್ಲೇಯಿಂಗ್ ಅಂತಾರೆ ಅಂಕಲ್," ಎಂದಿದ್ದ ಭಾನುಪ್ರಕಾಶ್.

"ಅಂದ್ರೆ ಯೇಸ ಆಕೋದು ಅನ್ನಿ," ಎಂದ ಮುನಿಕೃಷ್ಣ. ವೇಷ ಹಾಕುವವರನ್ನು ಅವನು ಎಂದೂ ನಂಬಿದವನಲ್ಲ.

ಮರುವರ್ಷ ಎರಡನೇ ಮಹಡಿಯ ಮುಂದೆ 'ನವಿಲು ಸ್ಟುಡಿಯೋ' ಎಂಬ ಬೋರ್ಡು ಬಂತು. ಅದರ ಒಡತಿ ವೇಣಿ. ಅವಳು ಮಾಡುತ್ತಿದ್ದದ್ದೂ ಅದೇ ಥರದ ಆಟಗಳನ್ನು. ಹಿಂದೆ ವೈಟ್‌ಫೀಲ್ಡಿನ ಒಂದೇ ಕಂಪನಿಯಲ್ಲಿದ್ದು, ಮನಸ್ತಾಪವಾಗಿ ಬೇರೆಯಾದವರು ಇವರಿಬ್ಬರೂ ಎಂದು ತಿಳಿದಾಗ ಮುನಿಕೃಷ್ಣನ ಕಿವಿ ನೆಟ್ಟಗಾಯಿತು.

"ಇಷ್ಟೊಂದು ಬಿಲ್ಡಿಂಗ್ ಇದ್ವಲ್ಲಮ್ಮ, ಇಲ್ಗೇ ಯಾಕ್ ಬಂದ್ರಿ?" ಎಂದು ಕೇಳಿಯೇಬಿಟ್ಟ.

"ನಿಮ್ ಜನರೇಟರ್ ನೋಡಿ ಬಂದೆ ಅಂಕಲ್. ಬೇರೆ ಕಡೆ ಕರೆಂಟ್ ಹೋದ್ರೆ ದಿನದ ಕೆಲಸಾನೇ ಹೋಯ್ತು," ಎಂದು ವೇಣಿ ನಕ್ಕಳು.

ಆ ನಗು ಅವನಿಗೆ ಹಿಡಿಸಲಿಲ್ಲ.

ಅಲ್ಲಿಂದಾಚೆಗೆ ಎರಡೂ ಮಹಡಿಗಳ ಏಳುಬೀಳು ತೂಗುವುದೇ ಅವನ ಕೆಲಸವಾಯಿತು. ಭಾನುಪ್ರಕಾಶನ ಕಡೆಯವರ ಬೈಕುಗಳು ಗೇಟಿನಾಚೆಗೂ ನಿಲ್ಲುತ್ತಿದ್ದವು. ನೀರಿನ ಕ್ಯಾನು ಮಧ್ಯಾಹ್ನದೊಳಗೇ ಖಾಲಿ. ವೇಣಿಯ ಬಾಗಿಲಲ್ಲಿ ಮಾತ್ರ ಬೆರಳೆಣಿಕೆಯ ಚಪ್ಪಲಿ. "ಮ್ಯಾಲಿನೋರು ದೀಪಾವಳಿಗಂಟ ಉಳಿಯಾಕಿಲ್ಲ ಬುಡು," ಎಂದು ಅಂಜಿನಮ್ಮನಿಗೆ ಹೇಳಿದ್ದ. ಆದರೆ ದೀಪಾವಳಿ ಕಳೆದ ಮೇಲೆ ಅಲ್ಲಿ ಚಪ್ಪಲಿಗಳು ಹೆಚ್ಚಿದವು, ಹೊಸ ಮೇಜು ಕುರ್ಚಿ ಬಂದಿಳಿದವು. ಸೊರಗಿದ್ದವರು ಹೀಗೆ ಇದ್ದಕ್ಕಿದ್ದಂತೆ ಚಿಗುರಿದ್ದು ಹೇಗೆ? ಮೊದಲ ಮಹಡಿಯಿಂದ ಏನೋ ಮೇಲಕ್ಕೆ ಸಾಗುತ್ತಿದೆ ಎಂದು ಅವನ ಒಳಮನಸ್ಸು ಹೇಳತೊಡಗಿತು.

ಆಗಲೇ ಅವನ ಕಣ್ಣು ಮಾಲಾಳ ಮೇಲೆ ಬಿದ್ದದ್ದು. ಭಾನುಪ್ರಕಾಶನ ಆಟಗಳಿಗೆ ಕಥೆ, ಮಾತು ಬರೆಯುವವಳು ಅವಳು. ಕೆಲವು ತಿಂಗಳು ರಜೆಯಲ್ಲಿದ್ದು ಆಗಷ್ಟೇ ಮರಳಿದ್ದಳು. ದಿನವೂ ಊಟದ ಹೊತ್ತಿಗೆ ಕಪ್ಪು ಬ್ಯಾಗೊಂದನ್ನು ಅವಚಿಕೊಂಡು ಎರಡನೇ ಮಹಡಿಗೆ ಹತ್ತುವಳು. ತುಸು ಹೊತ್ತಾದ ಮೇಲೆ ಅತ್ತಿತ್ತ ನೋಡುತ್ತ ಇಳಿಯುವಳು.

"ಮ್ಯಾಲೆ ಏನಮ್ಮ ಕೆಲ್ಸ?" ಎಂದು ಒಮ್ಮೆ ತಡೆದ.

ಅವಳ ಮುಖ ಕೆಂಪೇರಿತು. "ಫ್ರೆಂಡ್ ಇದಾರೆ ಅಂಕಲ್," ಎಂದವಳೇ ಸರಸರನೆ ನಡೆದುಬಿಟ್ಟಳು.

ಒಂದು ಸಂಜೆ ಭಾನುಪ್ರಕಾಶ್ ಫೋನು ಹಿಡಿದು ಕೆಳಗೆ ಬಂದ. ಮುಖ ಬಾಡಿತ್ತು.

"ಮೇಲಿನೋರ ಹೊಸ ಗೇಮ್ ವಿಡಿಯೋ ಬಂದಿದೆ ಅಂಕಲ್. ಕೆರೆ ಅಡೀಲಿ ಮುಳುಗಿರೋ ಊರಂತೆ. ನಾವು ಮಾಡ್ತಿರೋದೂ ಅದೇ! ಹೊರಗೆ ಯಾರ್ಗೂ ಹೇಳಿಲ್ಲ. ಅವ್ರಿಗೆ ಹೆಂಗ್ ಗೊತ್ತಾಯ್ತು?"

ಮುನಿಕೃಷ್ಣನಿಗೆ ಒಳಗೊಳಗೇ ಹಿಗ್ಗು. ತನ್ನ ಕಾವಲು ದಂಡವಾಗಲಿಲ್ಲ.

"ನಾನ್ ಯೋಳ್ದೆ ಅನ್ಬ್ಯಾಡಿ," ಎಂದು ದನಿ ತಗ್ಗಿಸಿದ. "ನಿಮ್ ಮಾಲಾ ದಿನಾ ಬ್ಯಾಗ್ ಇಡ್ಕಂಡು ಮ್ಯಾಕ್ ಓಯ್ತಾಳೆ. ಅದ್ರೊಳಗೆ ಏನೈತೆ ಅಂತ ಯಾವತ್ತಾದ್ರೂ ನೋಡಿದ್ದೀರಾ?"

ಮಾರನೆಯ ದಿನ ಮೊದಲ ಮಹಡಿಯ ಕಿಟಕಿಯಿಂದ ಮಾತು ಗೇಟಿನವರೆಗೂ ಕೇಳಿಸಿತು.

"ಬ್ಯಾಗ್ ತೆಗೆದು ತೋರ್ಸಿ ಮಾಲಾ." ಅದು ಭಾನುಪ್ರಕಾಶ್.

"ಎಲ್ರ ಮುಂದೆ ತೋರ್ಸಲ್ಲ ಸಾರ್. ಅದು ಪರ್ಸನಲ್."

"ಮೇಲೆ ಯಾಕ್ ಹೋಗ್ತೀರ, ಅದನ್ನಾದ್ರೂ ಹೇಳಿ."

"ಅದೂ ಪರ್ಸನಲ್ಲೇ."

ಸ್ವಲ್ಪ ಹೊತ್ತಿಗೆ ಮಾಲಾ ತನ್ನ ಸಾಮಾನೆಲ್ಲ ಎತ್ತಿಕೊಂಡು ಇಳಿದು ಹೋದಳು. ಅಳುತ್ತಿರಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಕಳ್ಳಿಯ ಧೈರ್ಯ ನೋಡು ಎಂದುಕೊಂಡ ಮುನಿಕೃಷ್ಣ. ಕೆಲವೇ ದಿನಗಳಲ್ಲಿ ಅವಳನ್ನು ವೇಣಿಯೇ ಕೆಲಸಕ್ಕೆ ಕರೆದುಕೊಂಡಾಗಂತೂ ಅವನ ಅನುಮಾನಕ್ಕೆ ಮುದ್ರೆ ಬಿದ್ದಂತಾಯಿತು.

ಮಾಲಾ ಹೋದ ಮೇಲೆ ಭಾನುಪ್ರಕಾಶನ ಆಟ ಕುಂಟತೊಡಗಿತು. ಊರು ಸಿದ್ಧವಿತ್ತು, ಜನ ಸಿದ್ಧವಿದ್ದರು. ಅವರ ಬಾಯಲ್ಲಿ ಆಡಿಸಲು ಮಾತಿರಲಿಲ್ಲ. ಹೊಸಬರು ಬಂದು ಬರೆದರು, ಬರೆದದ್ದನ್ನು ಕಿತ್ತುಹಾಕಿದರು. ಬಿಡುಗಡೆ ಮುಂದಕ್ಕೆ ಹೋಯಿತು, ಹುಡುಗರು ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಕೊಂಡರು. ಇತ್ತ ವೇಣಿಯ ಆಟ ಹೊರಬಂದು ಗೆದ್ದಿತು. ಆಟ ಆಡಿದವರೆಲ್ಲ ಅದರೊಳಗಿನ ಮಾತುಗಳನ್ನು ಮೆಚ್ಚಿಕೊಂಡರಂತೆ.

ಆ ಖುಷಿಗೆ ವೇಣಿ, ಮಾಲಾ ಇಬ್ಬರೂ ಮೈಸೂರುಪಾಕು ಹಿಡಿದು ಮುನಿಕೃಷ್ಣನ ಮನೆಗೆ ಬಂದರು. ಮಾಲಾಳ ಸೊಂಟದಲ್ಲಿ ಪುಟ್ಟ ಮಗುವಿತ್ತು. ಅವರು ಹೋದ ಮೇಲೆ ಅಂಜಿನಮ್ಮ ಬಾಗಿಲು ಮುಂದೆ ಮಾಡುತ್ತ, "ಪಾಪ, ಈ ಕೂಸಿಗೆ ಅಂತ ಎಷ್ಟು ಪಾಡು ಬಿದ್ಲು," ಎಂದಳು.

"ಏನ್ ಪಾಡು?"

"ಎದೆಯಾಲು ಕಟ್ಕಂಡು ನೋವಾಗೋದಂತೆ. ಆ ಭಾನುಪ್ರಕಾಶ್ ಆಫೀಸ್ನಾಗೆ ಎಲ್ಲಾ ಗಂಡಸ್ರೇ, ಬಾಗ್ಲಾಕ್ಕಳಾಕೆ ಒಂದು ಮೂಲೆ ಇಲ್ಲ. ವೇಣಿ ಮೇಡಂ ತಮ್ ರೂಮ್ ಬುಟ್ಕೊಡ್ತಿದ್ರು. ಆಲು ಇಂಡ್ಕಂಡು ಬಾಟ್ಲೀಗೆ ತುಂಬಿ, ಬ್ಯಾಗ್ನಾಗಿಟ್ಟು ಮನೀಗೆ ತಗಂಡೋಗೋಳು."

ಮುನಿಕೃಷ್ಣನ ಬಾಯಲ್ಲಿದ್ದ ಸಿಹಿ ಅಲ್ಲೇ ನಿಂತಿತು. "ನಿಂಗ್ ಗೊತ್ತಿತ್ತಾ? ನಂಗ್ಯಾಕ್ ಯೋಳ್ಲಿಲ್ಲ?"

"ಗಂಡಸ್ರತ್ರ ಯೋಳೋ ಇಚಾರನಾ ಅದು?"

ಅವನು ಏನು ಮಾಡಿದ್ದನೆಂದು ಅವಳಿಗೆ ತಿಳಿಯದು. ಅವನೂ ಹೇಳಲಿಲ್ಲ.

ಭಾನುಪ್ರಕಾಶ್ ಮಹಡಿ ಖಾಲಿ ಮಾಡುವ ದಿನ, ಕಂಪ್ಯೂಟರುಗಳೆಲ್ಲ ಲಗೇಜ್ ಆಟೋ ಸೇರುತ್ತಿದ್ದಾಗ, ಮುನಿಕೃಷ್ಣ ಅವನನ್ನು ಪಕ್ಕಕ್ಕೆ ಕರೆದು ಬ್ಯಾಗಿನ ವಿಷಯವನ್ನೆಲ್ಲ ಹೇಳಿದ.

ಭಾನುಪ್ರಕಾಶ್ ಕೈಲಿದ್ದ ಕೀಬೋರ್ಡನ್ನು ಆಟೋದೊಳಗಿಟ್ಟ. "ಅವ್ರ ಗೇಮ್ ಪೂರ್ತಿ ಆಡ್ದೆ ಅಂಕಲ್. ಕೆರೆ ಒಂದ್ ಬಿಟ್ರೆ ನಮ್ದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಅವತ್ತೇ ಮಾಲಾ ಹತ್ರ ಹೋಗ್ಬೇಕಿತ್ತು. ಮುಖ ಇರ್ಲಿಲ್ಲ," ಎಂದು ಎರಡನೇ ಮಹಡಿ ಹತ್ತಿದ. ಮುನಿಕೃಷ್ಣ ಕಿವಿಗೊಟ್ಟು ನಿಂತ. ಏನೂ ಕೇಳಿಸಲಿಲ್ಲ. ಇಳಿದು ಬಂದವನು ಯಾರ ಮುಖವನ್ನೂ ನೋಡದೆ ಆಟೋ ಹತ್ತಿದ.

ಮರುದಿನ ಮಾಲಾ ಬಂದಾಗ ಮುನಿಕೃಷ್ಣ ಎದ್ದು ನಿಂತ. "ಅಮ್ಮಾ, ಅವತ್ತು ಅವ್ರಿಗೆ ಯೋಳಿದ್ದು ನಾನೇ."

"ಗೊತ್ತು ಅಂಕಲ್. ನನ್ ಬ್ಯಾಗನ್ನೇ ನೋಡ್ಕೊಂಡು ಕೂತಿರ್ತಿದ್ದೋರು ನೀವೊಬ್ರೇ."

ಅವಳು ಬೈಯಲಿಲ್ಲ. ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಆಮೇಲೂ ಅಂಜಿನಮ್ಮನನ್ನು ಆಂಟಿ ಎಂದು ಮಾತಾಡಿಸುತ್ತಿದ್ದಳು, ಅವನನ್ನು ಮಾತ್ರ ದಾಟಿಕೊಂಡು ಹೋಗುತ್ತಿದ್ದಳು.

ಮೊದಲ ಮಹಡಿಗೆ ಹಲ್ಲಿನ ಡಾಕ್ಟರೊಬ್ಬರು ಬಂದರು. ಬಂದ ವಾರವೇ, "ಮೇಲಿನವರು ಹೆಂಗೆ ಜನ? ಏನೇನೋ ಹೊತ್ಕೊಂಡು ಓಡಾಡ್ತಾರಲ್ಲ?" ಎಂದು ವಿಚಾರಿಸಿದರು.

"ನಂಗೇನೂ ಗೊತ್ತಿಲ್ಲ ಸಾರ್. ಅವ್ರನ್ನೇ ಕೇಳಿ," ಎಂದ ಮುನಿಕೃಷ್ಣ.

ಡಾಕ್ಟರು ಮೆಟ್ಟಿಲು ಹತ್ತಿ ಹೋದರು. ಮೇಲಿನ ಮಹಡಿಯ ಸುದ್ದಿ ಈ ಮನುಷ್ಯನಿಗೆ ಯಾಕಿಷ್ಟು ಬೇಕು ಎಂದು ಮುನಿಕೃಷ್ಣ ಅವರ ಬೆನ್ನನ್ನೇ ನೋಡುತ್ತ ಕೂತ.