ಒಂದು ಮೊರ ತೌಡು

ನಾನು ಹುಟ್ಟಿದ ದಿನ ನನಗೆ ತಿಳಿಯದು. ನನ್ನ ತಾಯಿ ತೀರಿಕೊಂಡ ದಿನವೂ ತಿಳಿಯದು. ವೃತ್ತಿಜೀವನವನ್ನೆಲ್ಲ ಹಳೆಯ ಕಾಗದಗಳ ತಾರೀಖುಗಳನ್ನು ಒಂದಕ್ಕೊಂದು ತಾಳೆ ನೋಡುವುದರಲ್ಲೇ ಕಳೆದವಳು ನಾನು. ಈ ಎರಡರಲ್ಲಿ ಮೊದಲನೆಯದರ ಬಗ್ಗೆ ಈಗ ಕುತೂಹಲ ಉಳಿದಿಲ್ಲ. ಎರಡನೆಯದನ್ನು ಮಾತ್ರ ನಿವೃತ್ತಿಯ ನಂತರವೂ ಹುಡುಕುತ್ತಿದ್ದೇನೆ. ಬಂಗಾರಪೇಟೆಯ ರೈಲು ನಿಲ್ದಾಣದಿಂದ ಅಜ್ಜಿ ನನ್ನ ಕೈ ಹಿಡಿದು ಊರಿಗೆ ಕರೆದೊಯ್ದ ದಿನ ತಾಯಿ ಬದುಕಿದ್ದಳೆ, ಇಲ್ಲವೆ? ನನಗೆ ಬೇಕಾದದ್ದು ಇಷ್ಟೇ.

ಮುದ್ರಿತ ದಾಖಲೆಗಳಿಂದ ಖಚಿತವಾಗಿರುವುದು ಎರಡು ತಾರೀಖುಗಳು. ರಂಗೂನಿನ ಮೇಲೆ ಮೊದಲ ಬಾಂಬುಗಳು ಬಿದ್ದದ್ದು 1941ರ ಡಿಸೆಂಬರ್ 23ರಂದು. ಆ ನಗರ ಜಪಾನೀಯರ ವಶವಾದದ್ದು 1942ರ ಮಾರ್ಚ್ 8ರಂದು. ಮೊದಲನೆಯ ದಿನ ನನ್ನ ತಂದೆ ಹಡಗುಕಟ್ಟೆಯ ಬಳಿ ಸತ್ತ. ಎರಡನೆಯ ಸುದ್ದಿಯನ್ನು ಶಾಲೆಯ ಮೇಷ್ಟ್ರು ಪತ್ರಿಕೆಯಿಂದ ಓದಿ ಹೇಳಿದಾಗ ನಾನು ಬೂದಿಕೋಟೆಯ ಹತ್ತಿರದ ಅಜ್ಜಿಯ ಮನೆಯ ಜಗಲಿಯ ಮೇಲೆ ಕುಳಿತಿದ್ದೆ; ಕೇಳುತ್ತಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಹೇಳಬೇಕಾದದ್ದೆಲ್ಲ ನಡೆದದ್ದು ಈ ಎರಡು ತಾರೀಖುಗಳ ನಡುವೆ.

ತಂದೆ ಮೊದಲು ಕೋರಮಂಡಲ್ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಮರದ ಆಧಾರ ಕೊಡುವ ಕೆಲಸದಲ್ಲಿದ್ದ. ಮರ ಬಲ್ಲವನಿಗೆ ರಂಗೂನಿನ ಮರದ ಕಾರ್ಖಾನೆಯಲ್ಲಿ ಬೆಲೆ ಹೆಚ್ಚೆಂದು ಯಾರೋ ಹೇಳಿದ್ದರಿಂದ ಮದುವೆಯಾದ ವರ್ಷವೇ ತಾಯಿಯನ್ನು ಕರೆದುಕೊಂಡು ಹಡಗು ಹತ್ತಿದ. ಅವನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಗಣಿಯಲ್ಲೇ ಉಳಿದ.

ರಂಗೂನಿನ ನಮ್ಮ ಗಲ್ಲಿಯಲ್ಲಿ ಆ ನಾಡಿನ ಬಹುಸಂಖ್ಯಾತರಾದ ಬರ್ಮೀ ಬೌದ್ಧರು ಯಾರೂ ಇರಲಿಲ್ಲ. ಹಡಗುಕಟ್ಟೆಯ ತೆಲುಗು ಕೂಲಿಗಳು, ತಮಿಳು ಸಂಸಾರಗಳು, ತಾಯಿಯ ಕಡೆಯಿಂದ ಬರ್ಮೀಯನಾದ ಒಬ್ಬ ಮುಸಲ್ಮಾನ ಚಹಾದವನು, ಗಲ್ಲಿಯ ಮೂಲೆಯಲ್ಲಿ ಕರೆನ್ ಎಂಬ ಜನಾಂಗದ ಕ್ರೈಸ್ತರದೊಂದು ಮನೆ: ಎಲ್ಲರೂ ಅಲ್ಲಿ ಎಣಿಕೆಗೆ ಕಡಿಮೆಯವರು. 1938ರಲ್ಲಿ ಮುಸಲ್ಮಾನರ ಮೇಲೆ ನಡೆದ ಗಲಭೆಯಲ್ಲಿ ಚಹಾದವನನ್ನು ಆ ಕರೆನ್ ಹೆಂಗಸು ಎರಡು ದಿನ ತನ್ನ ಅಕ್ಕಿಯ ಕೋಣೆಯಲ್ಲಿ ಬಚ್ಚಿಟ್ಟಿದ್ದಳಂತೆ. ಆಗ ನಾನು ಬಹಳ ಚಿಕ್ಕವಳು; ಇದು ಕೇಳಿ ತಿಳಿದದ್ದು. ಆ ಹೆಂಗಸನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ. ಅವಳೇ ನನ್ನನ್ನು ಕೊಂಡವಳು.

ನನಗಿಂತ ಮೊದಲು ತಾಯಿಗೆ ಎರಡು ಮಕ್ಕಳು ಹುಟ್ಟಿ ಸತ್ತಿದ್ದವು. ನಮ್ಮ ಸೀಮೆಯಲ್ಲಿ ಹಾಗಾದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ನೆರೆಯವಳಿಗೆ ಒಂದು ಮೊರ ತೌಡಿಗೆ ಮಾರಿಬಿಡುತ್ತಾರೆ. ಇದು ಈ ತಾಯಿಯ ಮಗುವಲ್ಲವೆಂದು ಸಾವು ನಂಬಬೇಕು. ಮಗುವಿಗೆ ಐದು ವರ್ಷ ತುಂಬಿದ ಮೇಲೆ ಮನೆದೇವರ ಮುಂದೆ ಎರಡು ಮೊರ ತೌಡು ಕೊಟ್ಟು ಬಿಡಿಸಿಕೊಳ್ಳುವುದು ಪದ್ಧತಿ. ಅಲ್ಲಿಯವರೆಗೆ ಮಗು ಹೆತ್ತವಳನ್ನು ಅಮ್ಮ ಎನ್ನುವಂತಿಲ್ಲ. ಹೆತ್ತವಳು ಈ ಮಾರಾಟದ ಸುದ್ದಿಯನ್ನು ತವರಿಗೂ ತಿಳಿಸುವಂತಿಲ್ಲ. ರಂಗೂನಿನಲ್ಲಿ ತಿಪ್ಪೆ ಸಿಗದೆ ನನ್ನನ್ನು ಕಾರ್ಖಾನೆಯ ಹಿಂದಿನ ಮರದ ಪುಡಿಯ ರಾಶಿಯ ಮೇಲೆ ಹೊರಳಿಸಿದರು. ತೌಡಿಗೆ ಆ ಊರಿನಲ್ಲಿ ಬರವಿರಲಿಲ್ಲ. ಕರೆನ್ ಹೆಂಗಸು ತನ್ನ ದೇವರಿಗೆ ಒಂದು ಪ್ರಾರ್ಥನೆ ಹೇಳಿ, ನಗುತ್ತ ತೌಡು ಅಳೆದು ಕೊಟ್ಟಳಂತೆ. ನಾನು ಅವಳನ್ನು ಅವರ ಮಾತಿನಲ್ಲಿ 'ಮೋ' ಎನ್ನುತ್ತಿದ್ದೆ. ಅಮ್ಮ ಎಂದರೆ ಅವಳೇ ಎಂದು ತಾಯಿ ಕಲಿಸಿದ್ದಳು. ತಾಯಿ ನನಗೆ ಅಕ್ಕ.

ತಲೆ ಬಾಚುವಾಗಲೆಲ್ಲ ಈ ಪಾಠ ನಡೆಯುತ್ತಿತ್ತು.

"ಯಾರಾನ ಬಂದು ನಿಮ್ಮಮ್ಮ ಎಲ್ಲಿ ಅಂದ್ರೆ ಏನಂತ ಏಳ್ತೀಯೆ?"

"ಮೂಲೆ ಮನೇಗವ್ಳೆ."

"ನಾನ್ಯಾರು?"

"ಅಕ್ಕ."

"ಜಾಣೆ. ಸಾವು ಅನ್ನೋದು ಕ್ವಾಣದ ಮ್ಯಾಲೆ ಬರಾಕಿಲ್ಲ ಕಣಮ್ಮಿ. ಅಂಗಿ ಆಕ್ಕೊಂಡು, ಪಟ್ಟಿ ಇಡ್ಕೊಂಡು, ನಗ್ತಾ ನಗ್ತಾ ಬಂದು ಕೇಳ್ತದೆ. ಬಾಯಿ ತಪ್ಪಬ್ಯಾಡ."

ತಂದೆ ಸತ್ತ ಮೇಲೆ ಗಲ್ಲಿ ಖಾಲಿಯಾಗತೊಡಗಿತು. ನಾವು ಹೊರಡುವ ಬೆಳಿಗ್ಗೆ ತಾಯಿ ಎರಡು ಮೊರ ತೌಡು ಅಳೆದು ಮೂಲೆ ಮನೆಯ ಬಾಗಿಲಲ್ಲಿ ಇಟ್ಟಳು. ನನಗೆ ಆಗಲೇ ಐದು ತುಂಬಿತ್ತು. ಊರಿಗೆ ಹೋಗಿ ಬಿಡಿಸೋಣವೆಂದು ತಂದೆ ಮುಂದೂಡುತ್ತ ಬಂದಿದ್ದ. ಮೋ ತೌಡನ್ನೂ ದಾರಿಯನ್ನೂ ನೋಡಿದಳು. ದಾರಿಯ ತುಂಬ ಗಂಟು ಹೊತ್ತ ಜನ. ಇಂಥ ದಾರಿಯಲ್ಲಿ ಮಗು ನನ್ನದಾಗಿಯೇ ಇರುವುದು ಕ್ಷೇಮವಲ್ಲವೆ ಎಂದು ಅವಳು ಬರ್ಮೀ ಮಾತಿನಲ್ಲಿ ಕೇಳಿದಳು. ತಾಯಿ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು.

"ಊರು ಮುಟ್ಟಿ ದೇವ್ರ ಮುಂದೆ ಬುಡಿಸ್ಕೊಂತೀನಿ. ಅಲ್ಲಿಗಂಟ ನಿನ್ನ ಮಗ್ಳೇ ಆಗಿರ್ಲಿ."

ಮೋ ತಾನು ನೇಯ್ದ ಕೆಂಪು ಹೆಗಲಚೀಲವನ್ನು ತಾಯಿಗೆ ಕೊಟ್ಟಳು. ತಾನು ನದೀಮುಖದ ಡೆಲ್ಟಾದಲ್ಲಿದ್ದ ತನ್ನ ತವರು ಹಳ್ಳಿಗೆ ಹೋಗುವೆನೆಂದಳು. ಆ ವರ್ಷ ಡೆಲ್ಟಾದ ಕೆಲವು ಕರೆನ್ ಹಳ್ಳಿಗಳಲ್ಲಿ ಹತ್ಯೆಗಳಾದವೆಂದು ನಾನು ಮುಂದೆ ಓದಿದೆ. ಅವಳ ಹಳ್ಳಿ ಯಾವುದೆಂದು ನನಗೆ ತಿಳಿದಿಲ್ಲವಾದ್ದರಿಂದ ತಾಳೆ ನೋಡಲು ಏನೂ ಇಲ್ಲ.

ದಾರಿಯ ವಿವರಗಳನ್ನು ಇತರರು ಬರೆದಿದ್ದಾರೆ. ನನ್ನ ನೆನಪು ಅವುಗಳಿಗಿಂತ ಕಡಿಮೆ. ಪ್ರೋಮಿನವರೆಗೆ ರೈಲು, ಅನಂತರ ಕಣಿವೆಯ ಕಾಲ್ನಡಿಗೆ, ದೋಣಿ, ಚಿತ್ತಗಾಂಗ್, ಕಲ್ಕತ್ತೆ, ಮದರಾಸು. ಮದರಾಸು ಬಿಟ್ಟ ಮೇಲೆ ತಾಯಿಗೆ ಜ್ವರ ಬಂತು. ಜೋಲಾರಪೇಟೆ ದಾಟುವಾಗ ಅವಳ ಮೈ ಮುಟ್ಟಲಾಗುತ್ತಿರಲಿಲ್ಲ.

ಬಂಗಾರಪೇಟೆಯನ್ನು ಅಂದಿನ ರೈಲ್ವೆ ಕಾಗದಗಳಲ್ಲಿ ಬೌರಿಂಗ್‌ಪೇಟೆ ಎಂದು ಹುಡುಕಬೇಕು. ಪ್ಲಾಟ್‌ಫಾರಂನ ಮೇಲೆ ಬರ್ಮಾದಿಂದ ಬಂದವರಿಗೆಂದು ಒಂದು ಮೇಜು ಹಾಕಿದ್ದರು. ಒಬ್ಬಳು ಮಜ್ಜಿಗೆ ಕೊಡುತ್ತಿದ್ದಳು. ಖಾಕಿ ಅಂಗಿಯ ಗುಮಾಸ್ತನೊಬ್ಬ ಪಟ್ಟಿ ಹಿಡಿದು ಕುಳಿತಿದ್ದ. ತಾಯಿಯನ್ನು ಇಬ್ಬರು ಕಂಬಳಿಯಲ್ಲಿ ಎತ್ತಿ ಇಳಿಸಿದರು. ಗುಮಾಸ್ತ ನನ್ನ ಕಡೆ ಬಾಗಿ ನಕ್ಕ.

"ಪಾಪಾ, ಇವ್ರು ನಿಮ್ಮಮ್ಮನಾ?"

ಅಂಗಿ, ಪಟ್ಟಿ, ನಗು. ನಾನು ಬಾಯಿ ತಪ್ಪಲಿಲ್ಲ.

"ಅಲ್ಲ. ನಮ್ಮಮ್ಮ ರಂಗೂನಾಗವ್ಳೆ."

"ಮತ್ತೆ ಇವ್ರ್ಯಾರು?"

"ಅಕ್ಕ."

"ಅಪ್ಪ?"

"ಸತ್ತೋದ."

"ಅಯ್ಯೋ ಪಾವಂ," ಎಂದಳು ಮಜ್ಜಿಗೆಯವಳು. "ರೈಲ್ನಾಗೆ ಕಂಡೋರ್ನೆಲ್ಲಾ ಅಕ್ಕ ಅಂತದೆ, ನೋಡು ಸಾಮಿ. ತಾಯೀನ ಬುಟ್ಟು ಬಂದೈತಲ್ಲಾ ಈ ಕೊಳಂದೆ!"

ತಾಯಿಯ ಕಣ್ಣು ತೆರೆದಿತ್ತು. ನನ್ನ ಉತ್ತರ ಕೇಳಿ ಅವಳು 'ಜಾಣೆ' ಎಂಬಂತೆ ರೆಪ್ಪೆ ಮುಚ್ಚಿದಳೆಂದು ನನ್ನ ನೆನಪು. ಈ ನೆನಪಿಗೆ ಬೇರೆ ಸಾಕ್ಷ್ಯವಿಲ್ಲ. ಜ್ವರದವರನ್ನು ಬೇರೆಯಿಡುವ ಒಂದು ತಗಡಿನ ಕೊಟ್ಟಿಗೆ ಹಳಿಯ ಆಚೆ ಇತ್ತು. ಒಂಟಿ ಹೆಂಗಸೆಂದು ಬರೆದುಕೊಂಡು ಅವಳನ್ನು ಅಲ್ಲಿಗೆ ಕೊಂಡೊಯ್ದರು. ಚೀಲ ಅವಳ ತೋಳಿನಲ್ಲೇ ಇತ್ತು.

ಊರು ಯಾವುದೆಂದು ಕೇಳಿದಾಗ ದಾರಿಯುದ್ದಕ್ಕೂ ತಾಯಿ ಕಲಿಸಿದ್ದನ್ನು ಒಪ್ಪಿಸಿದೆ: ಬೂದಿಕೋಟೆ ದಾರಿ, ಎರಡು ಬಾವಿ ದಾಟಿ, ಹುಣಸೆಮರದ ಎಡಕ್ಕೆ, ಗಾಣದ ಮನೆ ಪಕ್ಕ, ಅಜ್ಜಿಯ ಹೆಸರು. ಗುಮಾಸ್ತ ಕೆಟ್ಟವನಲ್ಲ. ಚೀಟಿ ಬರೆದು ಅತ್ತ ಹೋಗುವ ಗಾಡಿಯವನಿಗೆ ಕೊಟ್ಟ. ಹೆಣ್ಣುಮಗುವೊಂದು ಬಂದಿದೆ, ತಾಯಿ ರಂಗೂನಿನಲ್ಲಿ ಉಳಿದಿದ್ದಾಳೆ, ಎಂದು ಅದರಲ್ಲಿತ್ತು. ಆ ಚೀಟಿ ಬಹುಕಾಲ ಅಜ್ಜಿಯ ಪೆಟ್ಟಿಗೆಯಲ್ಲಿತ್ತು. ಗುಮಾಸ್ತ ಅದಕ್ಕೆ ತಾರೀಖು ಹಾಕಿರಲಿಲ್ಲ.

ಅಜ್ಜಿ ಬರುವವರೆಗೆ ಮಜ್ಜಿಗೆಯವಳು ನನ್ನನ್ನು ನೋಡಿಕೊಂಡಳು. ಮೂರನೆಯ ದಿನ ಒಬ್ಬ ಎತ್ತರದ ಮುದುಕಿ ಬಂದು, ನನ್ನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದಳು.

"ನನ್ ಮಗ್ಳ ಅಣೆ. ಅಂಗೇ ಐತೆ. ನಿಮ್ಮಮ್ಮ ಎಲ್ಲಮ್ಮಿ?"

"ರಂಗೂನಾಗೆ."

"ಬದುಕವ್ಳಾ?"

"ಊ. ಅವ್ರಮ್ಮನ ಊರ್ಗೆ ಓಗ್ತೀನಿ ಅಂದ್ಲು."

"ನಾನಿಲ್ಲೇ ಇವ್ನಿ, ಇನ್ಯಾವ ಅಮ್ಮನ ಊರು!" ಎಂದು ಅಜ್ಜಿ ಹಣೆ ಬಡಿದುಕೊಂಡು ಕಲ್ಲುಬೆಂಚಿನ ಮೇಲೆ ಕುಸಿದಳು. "ಬುದ್ಧಿ ಕೆಟ್ಟೋಯ್ತೇನೋ ಅವ್ಳಿಗೆ."

ಹಳಿ ದಾಟಿ ನಡೆದೆವು. ತಗಡಿನ ಕೊಟ್ಟಿಗೆಯ ಬೇಲಿಯ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ನಡುವೆ ಕೆಂಪು ಚೀಲವಿತ್ತು. ಅದನ್ನು ಕಂಡದ್ದು ಖಚಿತ. ಅಕ್ಕನ ಚೀಲ ಎಂದು ಬಾಯಿಬಿಟ್ಟು ಹೇಳಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ, ಅದು ಖಚಿತವಿಲ್ಲ. ಅಜ್ಜಿ ನಿಲ್ಲಲಿಲ್ಲ.

ಊರಿನಲ್ಲಿ ನಾನು ಮುದ್ದೆಯನ್ನು ಅಗಿದು ತಿನ್ನುವುದನ್ನು ನೋಡಲು ಹೆಂಗಸರು ನೆರೆದರು.

"ಅಗೀತಾಳೆ ನೋಡ್ರೇ! ಮುದ್ದೇನ ಯಾರಾನ ಅಗೀತಾರಾ? ನುಂಗಮ್ಮಿ, ರಂಗೂನ್ ರಾಣಿ!"

"ಕೊಳ್ತ ಮೀನಿನ ಚಟ್ನಿ ಕೇಳಿದ್ಲಂತೆ ಕಣಕ್ಕಾ."

"ಕೊಡೋಣ ಬುಡು, ಕೆರೆ ತುಂಬ್ಲಿ."

ಅಜ್ಜಿ ಮಾತ್ರ ನಗಲಿಲ್ಲ. ಕೋರಮಂಡಲ್‌ನಿಂದ ವಾರದ ರಜೆಯಲ್ಲಿ ನನ್ನನ್ನು ನೋಡಲು ಬಂದ ದೊಡ್ಡಪ್ಪನೊಂದಿಗೆ, ರಂಗೂನಿಗೆ ತಂತಿ ಕಳಿಸಿದರೆ ಮುಟ್ಟೀತೇ ಎಂದು ಚರ್ಚಿಸುತ್ತ ಹಸುವಿನ ಮುಂದೆ ಕುಳಿತಿದ್ದಳು. ಅವಳ ಕೈಯಲ್ಲಿ ಮೊರವಿತ್ತು, ಮೊರದ ತುಂಬ ತೌಡು. ನಾನು ಹತ್ತಿರ ಹೋಗಿ ಅದರಲ್ಲಿ ಬೆರಳಾಡಿಸಿದೆ.

"ನನ್ನ ಕೊಂಡಿದ್ದೂ ಇಷ್ಟುಕ್ಕೇ," ಎಂದೆ.

ಅಜ್ಜಿಯ ಕೈ ನಿಂತಿತು.

"ಯಾರು ಕೊಂಡಿದ್ದಮ್ಮಿ?"

"ಅಮ್ಮ. ಮೂಲೆ ಮನೆ ಅಮ್ಮ."

"ಮಾರಿದ್ಯಾರು?"

"ಅಕ್ಕ."

"ಯಾವಕ್ಕ? ಈಗೆಲ್ಲವ್ಳೆ ಅವ್ಳು?"

"ರೈಲ್ ಇಳಿದ್ವಲ್ಲ. ತಗಡಿನ ಮನೇಗೆ ಮಲಗಿಸಿದ್ರು."

ಮೊರ ಬಿದ್ದ ಸದ್ದಿಗೆ ಹಸು ಹಗ್ಗ ಜಗ್ಗಿತು. ಅಜ್ಜಿ ಎದ್ದವಳು ಸೆರಗನ್ನೂ ಸರಿಮಾಡಿಕೊಳ್ಳದೆ ಬೀದಿಗೆ ಓಡಿದಳು. ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಹಿಂದೆ ಓಡಿದ. ದಾರಿಯಲ್ಲಿ ಗಾಡಿಯೊಂದು ಸಿಕ್ಕಿತು. "ಒಡಿಯಲಾ, ಎತ್ತು ಸತ್ರೆ ನಾನು ಕೊಡ್ತೀನಿ, ಒಡಿಯಲಾ!" ಎಂದು ಅಜ್ಜಿ ಗಾಡಿಯವನ ಬೆನ್ನಿಗೆ ಗುದ್ದುತ್ತಿದ್ದಳು.

ಕೊಟ್ಟಿಗೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಬಾಗಿಲಿಗೆ ಬಂದಳು. ಅಜ್ಜಿ ಕೇಳುವ ಮೊದಲೇ ನಾನು ಬೇಲಿಯ ಮೇಲಿನ ಚೀಲವನ್ನು ತೋರಿಸಿದೆ.

"ಅವಳಾ? ಮುಂದಾನಾಳ್, ಮೊನ್ನೆ ಬೆಳಿಗ್ಗೆ ಪ್ರಾಣ ಓಯ್ತಮ್ಮ," ಎಂದಳು ಅವಳು. "ಯಾರೂ ಇಲ್ಲಾಂತ ಬರ್ದಿತ್ತು. ನನ್ ಮಗು, ನನ್ ಮಗು ಎಲ್ಲಿ ಅಂತಾನೇ ಇದ್ಲು. ಜ್ವರ ಬಾಯಿಗೆ ಬಂದೈತೆ ಅನ್ಕೊಂಡ್ವಿ. ಮಗೂನೇ ಇಲ್ಲಾಂತ ಪಟ್ಟೀಲಿ ಇತ್ತಲ್ಲ."

ನಾನು ತಾಳೆ ನೋಡಬೇಕಾದ ಸಾಕ್ಷ್ಯ ಇದಿಷ್ಟು. ನಾನು ಊರಿಗೆ ಬಂದು ಆಗ ಮೂರೇ ದಿನವಾಗಿತ್ತೆಂದು ಅಜ್ಜಿ ಸಾಯುವವರೆಗೂ ಹೇಳಿದಳು. ಆರು ದಿನವಾಗಿತ್ತೆಂದು ದೊಡ್ಡಪ್ಪ, ಮುಂದೆ ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಓದುತ್ತಿದ್ದಾಗ, ತನ್ನ ಪಾಳಿಗಳನ್ನು ಬೆರಳ ಮೇಲೆ ಎಣಿಸಿ ವಾದಿಸುತ್ತಿದ್ದ. ಅಜ್ಜಿಯ ಮಾತು ನಿಜವಾದರೆ ನಾನು ಬೇಲಿಯ ಪಕ್ಕ ಹಾದುಹೋದ ಮರುದಿನ ತಾಯಿ ಸತ್ತಳು. ದೊಡ್ಡಪ್ಪನ ಮಾತು ನಿಜವಾದರೆ ಇನ್ನೂ ನಾಲ್ಕು ದಿನ ಬದುಕಿದ್ದಳು. ಎರಡರಲ್ಲಿ ಯಾವುದಾದರೂ ಸರಿ, ಚೀಲವನ್ನು ನಾನು ಕಂಡಾಗ ಅವಳು ಆ ತಗಡಿನ ಆಚೆಗೆ ಉಸಿರಾಡುತ್ತಿದ್ದಳು, ನನ್ನನ್ನು ಕೇಳುತ್ತಿದ್ದಳು. ಕೊಟ್ಟಿಗೆಯ ಹೆಂಗಸು ದಿನ ತಪ್ಪಿ ಹೇಳಿದ್ದಳೆಂದು ತೋರಿಸಬಲ್ಲ ಒಂದು ಪುಸ್ತಕ, ಒಂದು ಹಾಳೆ ಸಿಕ್ಕಿದ್ದರೆ ಸಾಕಾಗಿತ್ತು. ಆ ಕೊಟ್ಟಿಗೆಯ ದಾಖಲೆ ಯಾವ ಕಚೇರಿಯಲ್ಲೂ ಇಲ್ಲ. ನನಗೆ ತಿಳಿದ ಎಲ್ಲ ಕಡೆಯೂ ಕೇಳಿದ್ದೇನೆ.

ಎರಡು ಮೊರ ತೌಡನ್ನು ಅಜ್ಜಿ ಆಮೇಲೆ ಮನೆದೇವರ ಮುಂದೆ ಇಟ್ಟಳು. ಕೊಂಡವಳು ಕೈಯೊಡ್ಡದೆ ಬಿಡಿಸಿಕೊಳ್ಳುವುದು ಸಲ್ಲದೆಂದು ಹಿರಿಯರು ಹೇಳಿದರು. ತೌಡನ್ನು ಹಸುವಿಗೆ ಹಾಕಿದರು. ಆದರೆ ಅದು ಅನಂತರದ ಮಾತು.

ಅಂದು ಕೊಟ್ಟಿಗೆಯವರು ನಮ್ಮನ್ನು ಹಿಂದಿನ ಬಯಲಿಗೆ ಕರೆದೊಯ್ದರು. ಸಾಲಾಗಿ ಹೊಸಮಣ್ಣಿನ ದಿಬ್ಬಗಳು; ಯಾವುದು ಅವಳದೆಂದು ಅವರಿಗೂ ನಿಶ್ಚಯವಿರಲಿಲ್ಲ, ಕೊನೆಯ ಎರಡರಲ್ಲಿ ಒಂದು ಎಂದರು. ಸುದ್ದಿ ತಿಳಿದು ನಿಲ್ದಾಣದ ಗುಮಾಸ್ತ ಓಡಿ ಬಂದ. ಬರೆದದ್ದನ್ನು ತಿದ್ದಲೆಂದು ಪಟ್ಟಿಯನ್ನೂ ತಂದಿದ್ದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಧೈರ್ಯ ಹೇಳಲೆಂದೋ ಏನೋ ನಗಲು ಯತ್ನಿಸುತ್ತಿದ್ದ.

ಅಜ್ಜಿ ಎರಡು ದಿಬ್ಬಗಳ ನಡುವೆ ಕುಳಿತು ಎರಡರ ಮೇಲೂ ಒಂದೊಂದು ಕೈಯಿಟ್ಟಳು.

"ಕೂಗಮ್ಮಿ. ಈಗಾನ ಅಮ್ಮ ಅಂತ ಕೂಗು. ಒಂದ್ ಕಿತಾ ಕೇಳಿಸ್ಕೊಂಡು ಓಗ್ಲಿ."

ನಾನು ಬಾಯಿ ತೆರೆದೆ. ಗುಮಾಸ್ತ ಪಟ್ಟಿ ಹಿಡಿದು ನನ್ನನ್ನೇ ನೋಡುತ್ತಿದ್ದ.

"ಅಕ್ಕಾ," ಎಂದು ಕೂಗಿದೆ.